ಗೋಡೆಯ ಮೇಲಿನ ಕೊಂಬೆ

"ಬುದ್ಧಿ, ಯಾರಿಂದಲೂ ಏನನ್ನೂ ಪಡೆಯದೆ ಇದ್ದವನು ಯಾರಿಗೆ ಕೃತಜ್ಞನಾಗಿರಬೇಕು?"

ಹೀಗೆ ಕೇಳಿದವನು ಮುರಿಗೆಪ್ಪ. ಮರುದಿನ ಬೆಳಿಗ್ಗೆ ಅವನು ಮಠ ಬಿಟ್ಟು ಹೊರಡುವವನಿದ್ದ. ದೂರದ ಊರಿನ ಪಾಠಶಾಲೆಯೊಂದಕ್ಕೆ ಅವನನ್ನು ಉಪಾಧ್ಯಾಯನಾಗಿ ಕಳಿಸುವುದೆಂದು ತೀರ್ಮಾನವಾಗಿತ್ತು. ಹೊರಡುವ ಶಿಷ್ಯ ಎಲ್ಲರ ಎದುರು ನಿಂತು, 'ನನ್ನಲ್ಲಿರುವುದೆಲ್ಲ ಇಲ್ಲಿ ಕೊಟ್ಟದ್ದು' ಎಂದು ಹೇಳಿ ಕೈಮುಗಿದು ಹೋಗುವುದು ಆ ಮಠದ ಪದ್ಧತಿ.

ಗುರುಗಳು ಕಂಬಳಿ ಹೊದ್ದು ಜಗಲಿಯ ಮೇಲೆ ಕುಳಿತಿದ್ದರು. ಚಳಿಗಾಲ ಬಂತೆಂದರೆ ಅವರಿಗೆ ಕೆಮ್ಮು. ತಣ್ಣನೆಯ ಗಾಳಿ ಸೋಕಿದರೆ ಸಾಕು, ರಾತ್ರಿಯೆಲ್ಲ ನಿದ್ದೆಯಿಲ್ಲ. ಇದು ಇಂದು ನಿನ್ನೆಯದಲ್ಲ, ಬಹಳ ವರ್ಷಗಳಿಂದ ಇರುವುದು.

"ಯಾಕಪ್ಪಾ, ನಾಳೆ ಹೇಳಬೇಕಾದ ಮಾತು ಇವತ್ತೇ ಗಂಟಲಲ್ಲಿ ಸಿಕ್ಕಿಕೊಂಡಿತೇ?" ಎಂದರು.

"ಹೌದು ಬುದ್ಧಿ. ಸುಳ್ಳು ಹೇಳಿ ಹೋಗೋಕೆ ಮನಸ್ಸಿಲ್ಲ. ನಾನು ಇಲ್ಲಿಗೆ ಬಂದದ್ದು ಗಾರೆ ಕೆಲಸಕ್ಕೆ. ಓದಬೇಕು, ಸೇರಿಸಿಕೊಳ್ಳಿ ಅಂತ ನಿಮ್ಮ ಕಾಲಿಗೆ ಬಿದ್ದೆ. ವಯಸ್ಸು ಮೀರಿದವರನ್ನ ಸೇರಿಸಿಕೊಳ್ಳೋ ಹಾಗಿಲ್ಲ, ಹಿರಿಯರು ಮಾಡಿದ ನಿಯಮ, ಮೀರೋ ಅಧಿಕಾರ ನನಗಿಲ್ಲ ಅಂದಿರಿ. ನಾನು ಪಾಠದ ಮನೆಯ ಕಿಟಕಿ ಹೊರಗೆ ಗಾರೆ ಕಲಸುತ್ತಾ ನಿಂತು ಕಲಿತೆ. ನೀವು ಒಂದೊಂದು ಸಾಲನ್ನೂ ಎರಡೆರಡು ಸಲ, ಕಿವುಡರಿಗೆ ಹೇಳೋ ಹಾಗೆ ಹೇಳ್ತಿದ್ದಿರಿ. ನಿಮ್ಮ ಅಭ್ಯಾಸ ನನಗೆ ಒದಗಿತು. ನಿಯಮ ಸಡಿಲವಾಗಿ ನನ್ನನ್ನ ಒಳಗೆ ಕರೆಯೋ ಹೊತ್ತಿಗೆ ಕಲಿಯಬೇಕಾದ್ದೆಲ್ಲ ಕಲಿತಾಗಿತ್ತು. ಅದು ಕೊಟ್ಟದ್ದಲ್ಲ ಬುದ್ಧಿ, ಕದ್ದದ್ದು. ಕದ್ದವನು ಯಾರಿಗೆ ಕೈಮುಗೀಬೇಕು?"

ಗುರುಗಳಿಗೆ ನಗು ಬಂತು. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಕಳ್ಳನಾದರೂ ಸುಳ್ಳನಲ್ಲ ನೀನು. ಕೂತುಕೋ. ನಿನಗಿಂತ ದೊಡ್ಡ ಕಳ್ಳಿಯೊಬ್ಬಳಿದ್ದಳು, ಅವಳ ಕತೆ ಹೇಳುತ್ತೇನೆ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನೂ ಒಬ್ಬ ಗಾಣಿಗನೂ ಇದ್ದರು. ಇಬ್ಬರ ಹಿತ್ತಿಲಿನ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಗಾಣಿಗನ ಹಿತ್ತಿಲಲ್ಲಿ ಅವನ ಅಪ್ಪ ನೆಟ್ಟ ಒಂದು ದೇವಕಣಗಿಲೆ ಮರವಿತ್ತು. ದಪ್ಪ ಕೊಂಬೆ, ಮುರಿದರೆ ಹಾಲು, ಬಿಳಿಯ ಹೂವು, ಹೂವಿನ ನಡುವೆ ಅರಿಸಿನದ ಬಣ್ಣ. ಆ ಮರದ ಹೂವನ್ನು ಯಾರೂ ಕೀಳಬೇಕಾಗಿಲ್ಲ. ಬಾಡುವ ಮೊದಲೇ ಇಡಿಯಾಗಿ ಕೆಳಗೆ ಬೀಳುತ್ತದೆ. ಅರ್ಧ ಹೂವು ಗಾಣಿಗನ ಹಿತ್ತಿಲಿಗೆ ಬೀಳುತ್ತಿತ್ತು, ಇನ್ನರ್ಧ ನೇಕಾರನ ಹಿತ್ತಿಲಿಗೆ.

ಒಂದು ಮಳೆಗಾಲದಲ್ಲಿ ಗಾಣಿಗನ ಸೂರಿನ ನೀರು ಗೋಡೆಯ ಬುಡ ಕೊರೆದು ನೇಕಾರನ ಮಗ್ಗದ ಗುಂಡಿಗೆ ನುಗ್ಗಿತು. ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ ಇತ್ತು. ಅದು ಕೆಟ್ಟುಹೋಯಿತು. ನೇಕಾರ ಹೋಗಿ ಕೇಳಿದ. ಗಾಣಿಗನಿಗೆ ಆ ಹೊತ್ತು ಏನು ತಲೆಬಿಸಿಯಿತ್ತೋ, "ಮಳೇನ ಕೇಳು ಹೋಗು" ಎಂದುಬಿಟ್ಟ. ಮಾತಿಗೆ ಮಾತು ಬೆಳೆಯಿತು. ಆ ಮನೆಯ ಹುಲ್ಲುಕಡ್ಡಿಯೂ ತನ್ನ ಮನೆಯ ಹೊಸ್ತಿಲು ದಾಟಕೂಡದೆಂದು ನೇಕಾರ ಬೀದಿಯಲ್ಲಿ ನಿಂತು ಆಣೆ ಮಾಡಿದ. ಅಂದಿನಿಂದ ದೀಪದ ಎಣ್ಣೆಯನ್ನೂ ಪಕ್ಕದ ಊರಿನಿಂದ ತರತೊಡಗಿದ. ಗಾಣದ ಸದ್ದು ಕಿವಿಗೆ ಬೀಳುವ ಮನೆಯಲ್ಲಿದ್ದುಕೊಂಡು ಎಣ್ಣೆಗಾಗಿ ಹರದಾರಿ ನಡೆಯುವವನನ್ನು ಕಂಡು ಊರವರು ನಕ್ಕರು. ಹಟ ಹಿಡಿದವನಿಗೆ ಹರದಾರಿ ಯಾವ ಲೆಕ್ಕ? ಅವನು ನಡೆದೇ ನಡೆದ.

ನೇಕಾರನಿಗೆ ಒಬ್ಬಳೇ ಮಗಳು. ಆಣೆ, ಜಗಳ ಇವೆಲ್ಲ ಅವಳಿಗೆ ತಿಳಿಯುವ ವಯಸ್ಸಲ್ಲ. ಬೆಳಗಾದರೆ ಹಿತ್ತಿಲಲ್ಲಿ ಬಿದ್ದ ಹೂವುಗಳನ್ನು ಲಂಗದಲ್ಲಿ ತುಂಬಿಕೊಂಡು ಬಂದು ಮಗ್ಗದ ಗುಂಡಿಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಹೊಸ್ತಿಲು ಎಂದು ತಾನು ಆಣೆ ಮಾಡಿದ್ದು ಮುಂಬಾಗಿಲಿನದು, ಹೂವು ಬಂದದ್ದು ಹಿತ್ತಿಲ ಬಾಗಿಲಿನಿಂದ ಎಂದು ನೇಕಾರ ತನಗೆ ತಾನೇ ಸಮಾಧಾನ ಹೇಳಿಕೊಂಡು ಲಾಳಿ ಎಸೆಯುತ್ತಿದ್ದ. ಅವನಿಗೂ ಆ ವಾಸನೆ ಇಷ್ಟವಿತ್ತು.

ಒಂದು ವರ್ಷ ಊರಿಗೆ ಜ್ವರ ಬಂತು. ಮಗು ಉಳಿಯಲಿಲ್ಲ. ಅವರಲ್ಲಿ ಹೂಳುವ ಪದ್ಧತಿ. ಕೆರೆ ಏರಿಯ ಆಚೆ, ಗರಸು ಮಣ್ಣಿನ ದಿಬ್ಬದ ಮೇಲೆ ಹೂಳಿ ಬಂದರು. ಆ ದಿನ ಗಾಣಿಗ ಎತ್ತಿನ ಕೊರಳಿನ ನೊಗ ಬಿಚ್ಚಿ ಗಾಣ ನಿಲ್ಲಿಸಿದ. ನೇಕಾರನ ಬಾಗಿಲಿಗೆ ಮಾತ್ರ ಬರಲಿಲ್ಲ. ಮಗುವಿನ ಹೆಣದ ಎದುರು ಜಗಳವಾದೀತೆಂದು ಹೆದರಿದ್ದಿರಬೇಕು.

ತಾಯಿ ದಿನವೂ ದಿಬ್ಬಕ್ಕೆ ಹೋಗಿ ಮಗುವನ್ನು ಹೂತ ಮಣ್ಣಿನ ಗುಡ್ಡೆಯ ಮೇಲೆ ಹೂವಿಟ್ಟು ಬರುತ್ತಿದ್ದಳು. ಮಗ್ಗದ ಮನೆಯಲ್ಲಿ ಹೆಂಗಸಿಗೆ ಬಿಡುವೆಂಬುದಿಲ್ಲ. ನೂಲು ಸುತ್ತಬೇಕು, ಗಂಜಿ ಹಚ್ಚಬೇಕು, ಒಣಹಾಕಬೇಕು. ಹೋಗಲಾಗದ ದಿನ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಒಂದು ದಿನ ಹಿತ್ತಿಲಲ್ಲಿ ನೂಲು ಹರವುತ್ತಾ ಗಂಡನಿಗೆ ಹೇಳಿದಳು.

"ಅವಳ ತಲೆ ಹತ್ರ ಒಂದು ಕಣಗಿಲೆ ಮರ ಆಗ್ಬೇಕು. ನಾನು ಹೋದ್ರೂ ಹೋಗ್ದಿದ್ರೂ ಮರ ಹೂವು ಹಾಕ್ತೈತೆ. ನಾವಿಬ್ರೂ ಸತ್ತ ಮೇಲೂ ಹಾಕ್ತೈತೆ. ಗಾಣದ ಮನೆಯೋರ್ನ ಒಂದು ಕೊಂಬೆ ಕೇಳ್ಲಾ?"

ನೇಕಾರ ನೂಲಿನ ಇನ್ನೊಂದು ತುದಿ ಹಿಡಿದು ಎಳೆದು ಕಟ್ಟಿದ. ಆಮೇಲೆ, "ಊರಾಗೆ ಬೇರೆ ಮರ ಇಲ್ವೇನೇ?" ಎಂದ.

ಆ ಹೊತ್ತಿಗೆ ಗೋಡೆಯಾಚೆ ಗಾಣದ ಸದ್ದು ನಿಂತಿತ್ತು. ಇಬ್ಬರೂ ಅದನ್ನು ಗಮನಿಸಲಿಲ್ಲ.

ಬೇರೆ ಮರಗಳೂ ಇದ್ದವು. ಗುಡಿಯ ಪೂಜಾರಿ ಒಂದು ಕೊಂಬೆ ಕಡಿದುಕೊಟ್ಟ. ತವರಿನಿಂದ ಅಣ್ಣ ಒಂದು ತಂದುಕೊಟ್ಟ. ಹಾಲು ತೊಟ್ಟಿಕ್ಕುತ್ತಿರುವಾಗಲೇ ಹೊತ್ತುಕೊಂಡು ಓಡಿ ಅಂದೇ ನೆಟ್ಟಳು. ಬೆಳಿಗ್ಗೆ ಒಂದು ಕೊಡ ನೀರು, ಸಂಜೆ ಒಂದು ಕೊಡ. ಜ್ವರದಲ್ಲಿ ಮಗಳು ಕುಡಿಯದೆ ಬಿಟ್ಟ ನೀರನ್ನೆಲ್ಲ ಈ ಕೊಂಬೆಗೆ ಕುಡಿಸುವವಳಂತೆ ಹೊಯ್ದಳು. ಕೊಂಬೆ ಬುಡದಲ್ಲಿ ಕಪ್ಪಾಗಿ, ಮೆತ್ತಗಾಗಿ, ಕೊಳೆತು ವಾಲಿತು. ಇನ್ನೊಂದು ನೆಟ್ಟಳು, ಅದೂ ಕೊಳೆಯಿತು. ಕೊಳೆತದ್ದನ್ನು ಕಿತ್ತು ಬಿಸಾಡುವಾಗಲೆಲ್ಲ ಮಗುವನ್ನು ಮತ್ತೊಮ್ಮೆ ಕಳೆದುಕೊಂಡಂತೆ ಅಳುತ್ತಿದ್ದಳು. ಆ ಮರಕ್ಕೆ ನೀರಿಗಿಂತ ಬಿಸಿಲು ಬೇಕು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಸೀಮೆಯ ಹೆಂಗಸರಲ್ಲಿ ಒಂದು ನಂಬಿಕೆ ಇತ್ತು. ಈಗಲೂ ಇದೆ. ಹೂವಿನ ಗಿಡವನ್ನು ಕೇಳಿ ತಂದರೆ ಬೇರು ಬಿಡುವುದಿಲ್ಲ, ಕದ್ದು ತಂದರೆ ಬಿಡುತ್ತದೆ ಎಂದು. ಹಾಗಾಗಿ ಎಂಥ ಮರ್ಯಾದಸ್ಥ ಹೆಂಗಸೂ ನೆಂಟರ ಮನೆಯಿಂದ ಹೊರಡುವಾಗ ಒಂದು ಕಡ್ಡಿ ಮುರಿದು ಸೆರಗಿನೊಳಗೆ ಸೇರಿಸುತ್ತಾಳೆ. ಆ ಮನೆಯೊಡತಿ ಕಂಡರೂ ಕಾಣದವಳಂತೆ ಮುಖ ತಿರುಗಿಸಿ ಎಮ್ಮೆಯನ್ನೋ ಕೋಳಿಯನ್ನೋ ಗದರಿಸುತ್ತಾಳೆ. ಹಾಗೆ ಗದರಿಸದೆ ದಿಟ್ಟಿಸಿ ನೋಡಿದವಳಿಗೆ ನಡತೆ ಗೊತ್ತಿಲ್ಲ ಎಂದೇ ಲೆಕ್ಕ. ಇದನ್ನು ಯಾರೂ ಕಳ್ಳತನ ಎನ್ನುವುದಿಲ್ಲ. ಆದರೆ ಈ ಆಟವೆಲ್ಲ ಮಾತುಕತೆ ಇರುವ ಮನೆಗಳ ನಡುವೆ. ಮಾತು ಬಿಟ್ಟ ಮನೆಯಿಂದ ಮುರಿದು ತಂದರೆ ಅದು ಕಳ್ಳತನವೇ ಸರಿ. ನೇಕಾರನ ಹೆಂಡತಿಗೆ ಇದು ಚೆನ್ನಾಗಿ ಗೊತ್ತಿತ್ತು.

ಗೊತ್ತಿದ್ದೂ ಒಂದು ದಿನ ಮನಸ್ಸು ಗಟ್ಟಿಮಾಡಿದಳು. ಚಳಿ ಕಳೆದು ಬಿಸಿಲು ಬಲಿಯುತ್ತಿದ್ದ ಕಾಲ. ಗಂಡ ಸಂತೆಗೆ ಹೋಗಿದ್ದ. ನಡುಮಧ್ಯಾಹ್ನ, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಗೋಡೆಯ ಬಳಿ ಹೋಗಿ ಮರಕ್ಕೆ ಕೈ ನೀಡಿದಳು. ಮುರಿಯುವ ಪ್ರಮೇಯವೇ ಬರಲಿಲ್ಲ. ಗೋಡೆಯ ಮೇಲೆಯೇ ಮೊಳದುದ್ದದ ಕೊಂಬೆಯೊಂದು ಬಿದ್ದಿತ್ತು. ಗಾಳಿಗೆ ಮುರಿದಿರಬೇಕು ಎಂದುಕೊಂಡಳು. ಕದಿಯಲು ಬಂದವಳು ಕೊಂಬೆಯ ಬುಡವನ್ನು ನೋಡುತ್ತಾಳೆಯೇ? ಬೀದಿಯನ್ನು ನೋಡುತ್ತಾಳೆ. ಕೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಂದೇ ಉಸಿರಿಗೆ ಕೆರೆಯ ಕಡೆ ಓಡಿದಳು. ಹಿಂದೆ ಗಾಣ ತಿರುಗುತ್ತಲೇ ಇತ್ತು. ದಿಬ್ಬದ ಮೇಲೆ ಕೊಂಬೆ ಬಿಚ್ಚಿದಾಗ ಸೆರಗಿಗೆ ಬೂದಿ ಅಂಟಿತ್ತು. ಒಲೆಯ ಮುಂದೆ ಕೂರುವವಳಿಗೆ ಸೆರಗಿನ ಬೂದಿ ಹೊಸದೇ? ಕೊಡವಿಕೊಂಡಳು.

ಮಗಳ ತಲೆಯ ಕಡೆಗೆ ಆ ಕೊಂಬೆಯನ್ನು ನೆಟ್ಟಳು. ಈ ಸಲ ಕೊಡ ಹೊತ್ತು ಹೋಗಲು ಧೈರ್ಯ ಬರಲಿಲ್ಲ. ಯಾರಾದರೂ ಕಂಡು, ಎಲ್ಲಿಯ ಕೊಂಬೆ ಎಂದು ಕೇಳಿದರೆ? ಯಾವಾಗಲೋ ಒಮ್ಮೆ ಹೋಗಿ ಬೊಗಸೆ ನೀರು ಚಿಮುಕಿಸಿ ಬರುತ್ತಿದ್ದಳು. ಹೊಯ್ದ ನೀರಿಗೆ ಸತ್ತದ್ದು ಹೊಯ್ಯದ ನೀರಿಗೆ ಬದುಕಿತು. ಮೊದಲ ಮಳೆಯ ಹೊತ್ತಿಗೆ ತುದಿಯಲ್ಲಿ ಎಲೆ ಬಂತು. ನೇಕಾರ ನೋಡಿದ. ಎಲ್ಲಿಯದೆಂದು ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಹೆದರಿಕೆ.

ಮುಂದಿನ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಬರಿಯ ಕಡ್ಡಿ ಉಳಿಯಿತು. ಅವಳ ಎದೆ ಒಡೆಯಿತು. ಉಗುರಿನಿಂದ ಸಿಪ್ಪೆ ಗೀರಿ ನೋಡಿದಳು. ಒಳಗೆ ಹಸಿರಿತ್ತು, ಗೀರಿದ ಕಡೆ ಒಂದು ಹನಿ ಹಾಲು ಬಂತು. ಅಲ್ಲೇ ಕೂತು ನಕ್ಕಳು. ಮಕ್ಕಳಂತೆ ಗಿಡಕ್ಕೂ ನಿದ್ದೆಯ ಹೊತ್ತೊಂದು ಇರುತ್ತದೆ ಎಂದು ಅಂದು ತಿಳಿದಳು. ಬುಡದಲ್ಲಿ ನೀರು ನಿಲ್ಲದಂತೆ ಕಲ್ಲು ಜೋಡಿಸಿದಳು. ಹಾಲಿನ ಗಿಡವಾದ್ದರಿಂದ ಮೇಕೆಗಳು ಮೂಸಿ ನೋಡಿ ಹೋಗುತ್ತಿದ್ದವು, ಬೇಲಿ ಬೇಕಾಗಲಿಲ್ಲ. ಗಿಡ ಕವಲೊಡೆಯಿತು, ಎತ್ತರವಾಯಿತು. ಒಂದು ಬೇಸಿಗೆಯಲ್ಲಿ ಹೂವು ಬಿಟ್ಟಿತು. ಮೊದಲ ಹೂವು ಗುಡ್ಡೆಯ ಮೇಲೆ ಬಿದ್ದ ದಿನ ಅವಳು ಮನೆಯನ್ನು ಮರೆತು ಸಂಜೆಯವರೆಗೆ ಅದರ ಪಕ್ಕದಲ್ಲೇ ಕೂತಿದ್ದಳು. ಗಂಡನೇ ಬಂದು ಕರೆದುಕೊಂಡು ಹೋಗಬೇಕಾಯಿತು.

ಸಂತೋಷವೇನೋ ಆಯಿತು. ಆದರೆ ಅದರ ಒಳಗೆ ಒಂದು ಮುಳ್ಳಿತ್ತು. ಹೂವು ಕಂಡಾಗಲೆಲ್ಲ, ಆ ಗಾಣಿಗನ ಕಣ್ಣಿಗೆ ಮಣ್ಣೆರಚಿ ತಂದೆನಲ್ಲ ಎಂದು ಬೀಗುತ್ತಿದ್ದಳು. ಬೀಗಿದ ಮರುಗಳಿಗೆಯೇ, ಕದ್ದ ಹೂವನ್ನು ಮಗಳಿಗೆ ಇಡುತ್ತಿದ್ದೇನಲ್ಲ ಎಂದು ಮುಖ ಸಪ್ಪೆಯಾಗುತ್ತಿತ್ತು. ಒಮ್ಮೆ ಏರಿಯ ಮೇಲೆ ಬರುತ್ತಿದ್ದಾಗ ಗಾಣಿಗ ಆ ಮರದ ಕೆಳಗೆ ನಿಂತಿರುವುದನ್ನು ಕಂಡಳು. ಅವನು ಕತ್ತೆತ್ತಿ ಮರವನ್ನು ನೋಡಿದ, ಗುಡ್ಡೆಯನ್ನು ನೋಡಿದ, ಹೊರಟುಹೋದ. ಇನ್ನು ಊರಿಗೆಲ್ಲ ಸಾರುತ್ತಾನೆ ಎಂದು ಹೆದರಿ ಕಾದಳು. ಅವನು ಯಾರಿಗೂ ಏನೂ ಹೇಳಲಿಲ್ಲ. ತನ್ನ ಮರದ ಕೊಂಬೆ ತನಗೇ ಗುರುತು ಸಿಗಲಿಲ್ಲ, ಎಂಥ ಪೆದ್ದ ಎಂದುಕೊಂಡಳು.

ಹೀಗೆ ವರ್ಷಗಳು ಹೋದವು. ಒಂದು ವರ್ಷ ಹಿಡಿದ ಮಳೆ ಬಿಡಲಿಲ್ಲ. ಗಾಣಿಗನ ಹಿತ್ತಿಲಲ್ಲಿ ನೀರು ನಿಂತು ಹಳೆಯ ಮರ ಬುಡದಿಂದ ತುದಿಯವರೆಗೆ ಕೊಳೆಯಿತು. ಮತ್ತೆ ನೆಡಲು ಗೇಣುದ್ದದ ಗಟ್ಟಿ ಕೊಂಬೆ ಕೂಡ ಉಳಿಯಲಿಲ್ಲ. ಗಾಣಿಗನಿಗೂ ವಯಸ್ಸಾಗಿತ್ತು. ಕೊಳೆತ ತುಂಡುಗಳನ್ನು ಒಂದೊಂದೇ ಎತ್ತಿ ಹೊರಗೆ ಹಾಕಿ, ಕೊನೆಗೆ ಅಪ್ಪ ನೆಟ್ಟ ಆ ಮರದ ಮೋಟಿನ ಮೇಲೆ ಕೈಯಿಟ್ಟುಕೊಂಡು ಕೂತುಬಿಟ್ಟ. ನೇಕಾರನ ಹೆಂಡತಿ ಗೋಡೆಯ ಈಚೆಯಿಂದ ಅದನ್ನು ನೋಡಿದಳು. ಕೊಳೆತ ಕೊಂಬೆ ಕಿತ್ತು ತಾನು ಹೀಗೆಯೇ ಕೂತಿದ್ದುದು ನೆನಪಾಯಿತು. ಹಗೆ ಹಿಡಿದ ಮನಸ್ಸು ಅಲ್ಲಿಯೇ ಕರಗಿತು.

ಕದ್ದದ್ದನ್ನು ಕದ್ದಂತೆಯೇ ಹಿಂದಕ್ಕೆ ಇಟ್ಟುಬಿಡುತ್ತೇನೆ ಎಂದು ತೀರ್ಮಾನಿಸಿದಳು. ಕೈಯಾರೆ ಕೊಡೋಣವೆಂದರೆ ಗಂಡನ ಆಣೆ ಅಡ್ಡ. ಕೊಟ್ಟರೂ ಗಾಣಿಗ ತೆಗೆದುಕೊಳ್ಳುತ್ತಾನೆಂಬ ನಂಬಿಕೆಯಿಲ್ಲ. ಗೋಡೆಯ ಮೇಲೆ ಇಟ್ಟರೆ ಅವನಾಗಿ ಎತ್ತಿಕೊಂಡಾನು.

ಮಳೆ ನಿಂತು, ಚಳಿ ಹೋಗಿ, ಬಿಸಿಲು ಬರುವವರೆಗೆ ಕಾದಳು. ಈಗ ಅವಳು ಮೊದಲಿನ ಹೆಂಗಸಲ್ಲ. ಹತ್ತಾರು ಮಂದಿ ಅವಳ ಮರದಿಂದ ಕೊಂಬೆ ಒಯ್ದು, ಹಸಿಯಾಗಿ ನೆಟ್ಟು, ಕೊಳೆಯಿಸಿದ್ದನ್ನು ನೋಡಿದ್ದಳು. ಒಮ್ಮೆ ಯಾರೋ ಕಲ್ಲಿನ ಮೇಲೆ ಮರೆತುಹೋದ ಕೊಂಬೆ ಒಣಗಿ, ಆಮೇಲೆ ನೆಟ್ಟಾಗ ಚಿಗುರಿದ್ದನ್ನೂ ನೋಡಿದ್ದಳು. ಆದ್ದರಿಂದ ಮಗಳ ಮರದಲ್ಲಿ ಗಟ್ಟಿಯಾದ ಕೊಂಬೆಯೊಂದನ್ನು ಆರಿಸಿ, ಕುಡುಗೋಲಿನಿಂದ ಓರೆಯಾಗಿ ಕೊಯ್ದಳು. ಮನೆಗೆ ತಂದಳು. ಕೊಯ್ದ ಕಡೆಯಿಂದ ಹಾಲು ಸುರಿಯುತ್ತಿತ್ತು. ಒಲೆಯ ಮುಂದೆ ಕೂತು, ಹಾಲು ನಿಲ್ಲಲೆಂದು ಒಂದು ಹಿಡಿ ಬೂದಿ ತೆಗೆದುಕೊಂಡು ಬುಡಕ್ಕೆ ಮೆತ್ತತೊಡಗಿದಳು.

ಮೆತ್ತುತ್ತಿದ್ದ ಕೈ ನಿಂತಿತು.

ಈ ಬೂದಿಯನ್ನು ಅವಳು ಒಮ್ಮೆ ಸೆರಗಿನಿಂದ ಕೊಡವಿಕೊಂಡಿದ್ದಳು. ಆ ಮಧ್ಯಾಹ್ನದ ಕೊಂಬೆ ಕಣ್ಣ ಮುಂದೆ ಬಂತು. ಅದರ ಬುಡವೂ ಓರೆಯಾಗಿತ್ತು. ಅದರಿಂದ ಒಂದು ಹನಿ ಹಾಲೂ ಸೀರೆಗೆ ಅಂಟಿರಲಿಲ್ಲ. ಗಾಳಿ ಕೊಂಬೆಯನ್ನು ಮುರಿಯುತ್ತದೆ, ಓರೆಯಾಗಿ ಕೊಯ್ಯುವುದಿಲ್ಲ. ಬೂದಿ ಹಚ್ಚಿ ನೆರಳಲ್ಲಿ ಒಣಗಿಸುವುದಿಲ್ಲ. ತಂದು ಗೋಡೆಯ ಮೇಲೆ ಇಡುವುದಿಲ್ಲ.

ಗಂಡನೊಡನೆ ಆ ಮಾತಾಡಿದ ದಿನ ಗಾಣದ ಸದ್ದು ಇರಲಿಲ್ಲವೆಂಬುದು ಈಗ ಹೊಳೆಯಿತು. ಅವನು ಕೇಳಿಸಿಕೊಂಡಿದ್ದ. ಕೊಟ್ಟರೆ ಇವರು ಮುಟ್ಟುವುದಿಲ್ಲ ಎಂದು ಗೊತ್ತಿದ್ದು, ಕದ್ದುಕೊಂಡು ಹೋಗಲಿ ಎಂದು ಇಟ್ಟಿದ್ದ. ಎಷ್ಟು ದಿನ ಮಧ್ಯಾಹ್ನ ಇಟ್ಟು, ಸಂಜೆ ಎತ್ತಿಟ್ಟು ಕಾದಿದ್ದನೋ! ಅವಳು ಎತ್ತಿಕೊಂಡು ಓಡುವಾಗ ಬೆನ್ನು ತಿರುಗಿಸಿ ಗಾಣ ಹೊಡೆಯುತ್ತಿದ್ದ. ಮರದ ಕೆಳಗೆ ನಿಂತು ಗುರುತು ಹಿಡಿದವನೂ ಅವನೇ, ಬಾಯಿ ಮುಚ್ಚಿಕೊಂಡು ಹೋದವನೂ ಅವನೇ. ಅವಳು ಅವನನ್ನು ಪೆದ್ದ ಎಂದಿದ್ದಳು.

ಒಲೆಯ ಮುಂದೆ ಕೂತು ಅತ್ತಳು. ದುಃಖಕ್ಕೆ ಅತ್ತದ್ದಲ್ಲ. ಮಗಳು ಹೋದ ಮೇಲೆ ತಮಗೆ ಯಾರೂ ಇಲ್ಲ ಎಂದುಕೊಂಡು ಇಷ್ಟು ವರ್ಷ ಬದುಕಿದ್ದಳು. ಗೋಡೆಯ ಆಚೆಯೇ ಒಬ್ಬನಿದ್ದ ಎಂದು ತಿಳಿದು ಅತ್ತಳು.

ನೇಕಾರ ಒಳಗೆ ಬಂದ. "ಇದು ಯಾರಿಗೆ?" ಎಂದ.

"ಗೋಡೆ ಮೇಲೆ ಇಡೋಕೆ" ಎಂದಳು.

ಅವನು ಕೊಂಬೆಯನ್ನು ನೋಡಿದ, ಬೂದಿಯನ್ನು ನೋಡಿದ, ಹೆಂಡತಿಯ ಮುಖವನ್ನು ನೋಡಿದ. ನೂಲಿನ ಎಳೆ ಕಂಡು ಬಟ್ಟೆಯನ್ನು ತಿಳಿಯುವವನಿಗೆ ಅಷ್ಟು ಸಾಕಾಯಿತು. ಕೊಂಬೆ ತೆಗೆದುಕೊಂಡು ಮಗ್ಗದ ಪಕ್ಕದ ನೆರಳಿನಲ್ಲಿ ಒರಗಿಸಿ ಇಟ್ಟ. ಕೆಲವು ದಿನಗಳ ಮೇಲೆ ಅವಳು ಅದನ್ನು ಎತ್ತಿಕೊಳ್ಳಲು ಹೋದಾಗ ಹೆಬ್ಬೆರಳಿನಿಂದ ಬುಡ ಒತ್ತಿ ನೋಡಿ, "ಇನ್ನೂ ಹಸಿ ಐತೆ. ಇನ್ನೊಂದೆರಡು ದಿನ ಬಿಡು" ಎಂದ. ಅವನ ಆಣೆ ಅಲ್ಲಿಗೆ ಮುಗಿಯಿತು.

ಆ ದಿನಗಳಲ್ಲಿ ಒಂದು ಬೆಳಿಗ್ಗೆ ಅವಳು ದಿಬ್ಬಕ್ಕೆ ಹೋದಳು. ಅದೇ ಮರ, ಅದೇ ಗುಡ್ಡೆ. ಚಿಗುರು ಆಗ ತಾನೇ ಕಣ್ಣು ಬಿಡುತ್ತಿತ್ತು. ಕೂತು ಮಣ್ಣಿನ ಮೇಲೆ ಕೈಯಾಡಿಸಿ, "ಕಂದ, ಈ ಮರ ನಾನು ಕದ್ದು ತಂದಿದ್ದಲ್ಲ ಕಣವ್ವ. ನಿಂಗಂತ ಕೊಟ್ಟಿದ್ದು" ಎಂದಳು. ಅಂದಿನಿಂದ ಆ ಹೂವಿನೊಳಗೆ ಮುಳ್ಳು ಇರಲಿಲ್ಲ.

ಕೊಂಬೆ ಒಣಗಿತು. ನಡುಮಧ್ಯಾಹ್ನ ಅದನ್ನು ತಂದು, ಹಿಂದೆ ತಾನು ಎತ್ತಿಕೊಂಡಿದ್ದ ಜಾಗದಲ್ಲಿಯೇ ಇಟ್ಟು, ಹಿತ್ತಿಲಲ್ಲಿ ನೂಲು ಹರವುತ್ತಾ ನಿಂತಳು. ಗೋಡೆಯಾಚೆ ಗಾಣ ನಿಂತಿತು. ಮುದುಕ ಗಾಣಿಗ ಬಂದ. ಕೊಂಬೆಯನ್ನು ನೋಡಿದ. ಬುಡವನ್ನು ತಿರುಗಿಸಿ ನೋಡಿದ. ಬೂದಿಯನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ತನ್ನದೇ ಹಿತ್ತಿಲಲ್ಲಿ ಕಳ್ಳನಂತೆ ಆ ಕಡೆ ಈ ಕಡೆ ನೋಡಿ, ಕೊಂಬೆಯನ್ನು ಹೆಗಲಿನ ವಸ್ತ್ರದೊಳಗೆ ಸುತ್ತಿಕೊಂಡು ಒಳಗೆ ಹೋದ. ಅವಳು ಮುಖ ತಿರುಗಿಸಿ, ಅಲ್ಲಿ ಇಲ್ಲದ ಕೋಳಿಯೊಂದನ್ನು ಗಟ್ಟಿಯಾಗಿ ಗದರಿಸಿದಳು.

ಆ ಸಂಜೆ ನೇಕಾರನ ಮನೆಯಲ್ಲಿ ದೀಪದ ಎಣ್ಣೆ ತೀರಿತ್ತು. ನೇಕಾರ ಎಣ್ಣೆಯ ಕುಡಿಕೆ ಹಿಡಿದು ಹೊರಟ. ಅಂದು ಅವನು ಹರದಾರಿ ನಡೆಯಲಿಲ್ಲ. ಪಕ್ಕದ ಬಾಗಿಲಿಗೆ ಹೋದ.

ಗುರುಗಳು ಕತೆ ನಿಲ್ಲಿಸಿದರು. ಜಗಲಿಯ ಮೇಲೆ ಗಾಳಿ ಬೀಸುತ್ತಿತ್ತು. ಕಂಬಳಿಯನ್ನು ಕಿವಿಯವರೆಗೆ ಎಳೆದುಕೊಂಡು ಕೆಮ್ಮಿದರು.

ಮುರಿಗೆಪ್ಪನ ಕಣ್ಣು ತೇವವಾಗಿತ್ತು. "ಪಾಪ, ಒಳ್ಳೇ ಹೆಂಗಸು ಬುದ್ಧಿ. ಆದ್ರೂ ಅಷ್ಟು ವರ್ಷ ಆಕೆಗೆ ಗೊತ್ತಾಗಲಿಲ್ಲ ಅಂದ್ರೆ ಆಶ್ಚರ್ಯ. ಬೂದಿ ಸೆರಗಿನ ಮೇಲೇ ಇತ್ತಲ್ಲ" ಎಂದ.

ಗುರುಗಳು ಅವನ ಮುಖವನ್ನೇ ನೋಡಿದರು.

"ಮಾಘದ ಚಳಿಯಲ್ಲೂ ಆ ಪಾಠದ ಮನೆಯ ಕಿಟಕಿ ಯಾಕೆ ತೆರೆದೇ ಇರುತ್ತಿತ್ತು, ಮುರಿಗೆಪ್ಪ?"